ಆಚೆ ದಂಡೆಯ ಮುಯ್ಯಿ

ನಮ್ಮ ಮಂಡಲ ಪಂಚಾಯತಿಯ ಪ್ರಧಾನರು ಬೆಳಿಗ್ಗೆ ತಮ್ಮ ಬೀಗರ ವಿರುದ್ಧ ಪತ್ರಕ್ಕೆ ಸಹಿ ಹಾಕುತ್ತಿದ್ದರು. ಆ ಪತ್ರ ಒಯ್ಯುವ ಜವಾನನ ಇನ್ನೊಂದು ಕೈಗೆ ಬೀಗರ ಮನೆಗೆಂದು ಹೊಸ ಅಕ್ಕಿಯ ಗಂಟು ಕೊಡುತ್ತಿದ್ದರು. ಸಂಜೆ ಜವಾನ ತಿರುಗಿ ಬಂದಾಗ ಅವನ ಒಂದು ಕೈಯಲ್ಲಿ ಬೀಗರ ಖಡಕ್ ಉತ್ತರ, ಇನ್ನೊಂದರಲ್ಲಿ ಬೀಗಿತಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಉತ್ತರ ನನ್ನ ಮೇಜಿಗೆ, ರೊಟ್ಟಿ ಪ್ರಧಾನರ ಮುಂದಕ್ಕೆ. ಅವರು ರೊಟ್ಟಿ ಮುರಿಯುತ್ತ ಬೀಗರು ಏನು ಬರೆದಿದ್ದಾರೆಂದು ಕೇಳುವರು. ಕೆಟ್ಟ ದಾರಿಯ ಆ ತುಂಡು ತಮ್ಮ ಗಡಿಯೊಳಗೆ ಬರುವುದಿಲ್ಲವೆಂದು ಬರೆದಿದ್ದಾರೆ ಎಂದು ನಾನು ಹೇಳುವೆ. ಅವರು ತಲೆಯಾಡಿಸಿ, ನನ್ನ ಕಡೆಗೂ ಒಂದು ರೊಟ್ಟಿ ಸರಿಸುವರು.

ಜವಾನನನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಈ ಜಗಳ ಮುಗಿಯಬಾರದೆಂದು ತಾನು ದಿನಾ ದುವಾ ಕೇಳುತ್ತೇನೆ, ನಡುದಾರಿಯಲ್ಲಿ ತನ್ನ ಪಾಲಿನ ರೊಟ್ಟಿಯೂ ಇದೆ ಎಂದು ಅವನು ನನ್ನೆದುರಿಗೇ ಹೇಳುತ್ತಿದ್ದ.

ಮಂಡಲ ಪಂಚಾಯತಿಗಳು ಬಂದ ಹೊಸತು ಅದು. ನಾನು ಕಾರ್ಯದರ್ಶಿಯಾಗಿ ಆ ಊರಿಗೆ ಹೋಗಿದ್ದೆ. ಊರಿನ ಹೆಸರು ಬೇಡ, ಎರಡೂ ಕಡೆ ನನಗೆ ಬೇಕಾದವರು ಇಂದಿಗೂ ಇದ್ದಾರೆ. ಬಳಗಾನೂರಿನ ಕಡೆಯಿಂದ ಮಸ್ಕಿಯ ಕಡೆಗೆ ಹೋಗುವ ಒಂದು ಒಳದಾರಿ ಎಂದಿಟ್ಟುಕೊಳ್ಳಿ. ನಮ್ಮೂರು ಸಿಂಧನೂರು ತಾಲೂಕು, ಕಾಲುವೆ ನೀರು, ಭತ್ತ. ಬೀಗರ ಊರು ಲಿಂಗಸುಗೂರು ತಾಲೂಕು, ಎರೆ ಹೊಲ, ಜೋಳ, ತೊಗರಿ. ನಡುವೆ ಒಂದು ಹಳ್ಳ. ಆ ಸೀಮೆಯಲ್ಲಿ ಗಡಿಗೆ ಹದ್ದು ಎನ್ನುತ್ತಾರೆ. ಹಳ್ಳದ ನಡುವೇ ಹದ್ದು ಎಂದು ಹಿಂದಿನಿಂದ ನಡೆದುಬಂದಿತ್ತು. ಆದರೆ ಕಾಲುವೆ ಬಂದ ಮೇಲೆ ನಮ್ಮ ಗದ್ದೆಗಳ ಬಸಿನೀರು ವರ್ಷವಿಡೀ ಹರಿದು ಹಳ್ಳ ಅಗಲವಾಗಿ, ದಂಡೆ ಕುಸಿದು, ನಡು ಯಾವುದು ದಂಡೆ ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ದಾರಿಯ ಆ ತುಂಡು ಬರೀ ಕೆಸರು. ಎತ್ತುಗಳು ಮೊಣಕಾಲು ಮಟ್ಟ ಹೂತುಹೋಗುತ್ತಿದ್ದವು.

ನಮ್ಮ ಮಂಡಲದ ವಾದ ಹೀಗೆ: ಇಳಿಜಾರು ನಿಮ್ಮ ಕಡೆಗಿದೆ, ಕೆಸರು ನಿಂತಿದ್ದು ನಿಮ್ಮ ನೆಲದಲ್ಲಿ, ನೀವೇ ಮಾಡಿಸಿ. ಅವರ ವಾದ: ನೀರು ನಿಮ್ಮ ಗದ್ದೆಯದು, ಕೆಡಿಸಿದವರು ನೀವು, ನೀವೇ ಮಾಡಿಸಿ. ಎರಡೂ ಮಂಡಲಕ್ಕೆ ತಮ್ಮ ಹದ್ದಿನಾಚೆ ಕಲ್ಲು ಬೆರೆತ ಗರಸು ಮಣ್ಣನ್ನು ಒಂದು ಪುಟ್ಟಿ ಹಾಕಲೂ ಅಧಿಕಾರವಿಲ್ಲ. ಸಿಂಧನೂರಿನಿಂದ ಬಂದ ಇಂಜಿನಿಯರರ ಟೇಪು ಈ ದಂಡೆಗೆ ನಿಂತರೆ, ಲಿಂಗಸುಗೂರಿನಿಂದ ಬಂದವರ ಟೇಪು ಆ ದಂಡೆಗೆ ನಿಲ್ಲುತ್ತಿತ್ತು. ಅವರನ್ನು ದೂರಿ ಫಲವಿಲ್ಲ, ಅವರ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬೀಗರ ಜಗಳದಲ್ಲಿ ರಸ್ತೆ ಬಡವಾಯಿತು.

ಆಚೆ ಮಂಡಲದ ಪ್ರಧಾನರು ನಮ್ಮ ಪ್ರಧಾನರ ಬೀಗರು ಎಂಬುದೇ ಎಲ್ಲದಕ್ಕೂ ಗಂಟಾಗಿತ್ತು. ನಮ್ಮವರು ತಮ್ಮ ಒಬ್ಬಳೇ ಮಗಳನ್ನು ಅವರ ಮನೆಗೆ ಕೊಟ್ಟಿದ್ದರು. ಬೇರೆ ಯಾರೇ ಆಗಿದ್ದರೂ ಇಬ್ಬರೂ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಅರ್ಧ ನಿಮ್ಮದು ಅರ್ಧ ನಮ್ಮದು ಎಂದು ಎದ್ದು ಬರಬಹುದಿತ್ತು. ಒಮ್ಮೆ ನಾನು ಅದನ್ನೇ ಹೇಳಿದೆ. ಪ್ರಧಾನರು ಹೆಗಲ ಮೇಲಿನ ಟವೆಲ್ ತೆಗೆದು ಮಡಿಚಿ ಮೊಣಕಾಲ ಮೇಲಿಟ್ಟರು. ಕಷ್ಟದ ಮಾತು ಆಡುವ ಮುಂಚೆ ಅವರು ಯಾವಾಗಲೂ ಹಾಗೆ ಮಾಡುವರು.

"ಹೆಣ್ಣು ಕೊಟ್ಟಾವ ನಾನು, ಸೆಕ್ರೆಟ್ರಿ ಸಾಹೇಬ್ರ. ಬೀಗ್ರ ಮುಂದ ಕೈ ಒಡ್ಡಿದ್ರ ನಾಳೆ ನನ್ನ ಮಗಳು ಆ ಮನ್ಯಾಗ ತಲಿ ತಗ್ಗಿಸಬೇಕಾಗತೈತಿ. ಪತ್ರದಾಗ ಪ್ರಧಾನ ಕೇಳ್ತಾನ, ಕೇಳ್ಲಿ. ಅಪ್ಪ ಕೇಳಂಗಿಲ್ಲ."

ಆಚೆಯವರದ್ದೂ ಅದೇ ಕಥೆ. ತಾವಾಗಿ ರಸ್ತೆ ಮಾಡಿಸಿದರೆ, ಸೊಸೆಯ ಮಾತು ಕೇಳಿ ಬೀಗರಿಗೆ ಬಗ್ಗಿದ ಎಂದು ಊರು ಆಡಿಕೊಳ್ಳುತ್ತದೆಂಬ ಅಂಜಿಕೆ ಅವರಿಗೆ. ಹೀಗಾಗಿ ಇಬ್ಬರು ಪ್ರಧಾನರು ಪತ್ರದಲ್ಲಿ ಹೊಡೆದಾಡುತ್ತಿದ್ದರು, ಇಬ್ಬರು ಬೀಗರು ಒಂದೇ ತಾಟಿನಲ್ಲಿ ಹೋಳಿಗೆ ತಿನ್ನುತ್ತಿದ್ದರು. ಸರಕಾರಿ ನೌಕರಿಯಲ್ಲಿ ಬಹಳ ಊರು ನೋಡಿದ್ದೇನೆ, ಇಂಥ ಮರ್ಯಾದಸ್ಥ ಜಗಳ ಎಲ್ಲೂ ನೋಡಲಿಲ್ಲ.

ನಮ್ಮ ಪ್ರಧಾನರು ನೋಡಲು ದೊಡ್ಡ ಆಳು. ಬಿಳಿ ಧೋತರ, ಬಿಳಿ ಅಂಗಿ, ಕಿವಿಯ ಮೇಲೆ ಕೂದಲ ಕುಚ್ಚು. ಕಚೇರಿಯ ಖುರ್ಚಿ ಅವರಿಗೆ ಸಾಲುತ್ತಿರಲಿಲ್ಲ, ಆದ್ದರಿಂದ ಹೊರಗಿನ ಕಟ್ಟೆಯ ಮೇಲೇ ಕೂಡುವರು. ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ಬಜ್ಜಿ ಎಂದರೆ ಜೀವ. ಸಭೆ ಕರೆದ ದಿನ ಮೊದಲು ಮಿರ್ಚಿ ತರಿಸಿ ಆಮೇಲೆ ಮಾತು ಶುರು ಮಾಡುವರು. ಬಾಯಿ ಖಾರವಾದಾಗ ಮನುಷ್ಯ ಉದ್ದ ಭಾಷಣ ಮಾಡುವುದಿಲ್ಲ ಎಂಬುದು ಅವರ ಅನುಭವ. ನಿಜವೂ ಹೌದು, ನಮ್ಮಷ್ಟು ಬೇಗ ಸಭೆ ಮುಗಿಸುವ ಮಂಡಲ ಸುತ್ತಮುತ್ತ ಇರಲಿಲ್ಲ.

ಯಾರದಾದರೂ ಮನೆಯಿಂದ ಪಾತ್ರೆ ಬಂದರೆ ಅದನ್ನು ಖಾಲಿ ತಿರುಗಿ ಕಳಿಸುವವರಲ್ಲ. ಅಷ್ಟೇ ಆಗಿದ್ದರೆ ಎಲ್ಲರೂ ಮಾಡುವುದೇ. ಇವರು ಬಂದದ್ದಕ್ಕಿಂತ ಒಂದು ಹಿಡಿ ಹೆಚ್ಚಿಗೆ ಹಾಕಿ ಕಳಿಸುವರು. ಕೇಳಿದರೆ, "ಸರೀ ತೀರಿಸಿಬಿಟ್ರ ಅವ್ರು ಮತ್ತ ಯಾಕ ಬರ್ತಾರ?" ಎನ್ನುವರು.

ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳನ್ನು ತಾವೇ ಜಡೆ ಹಾಕಿ ಬೆಳೆಸಿದ್ದರು. ಆ ದೊಡ್ಡ ಬೆರಳುಗಳಿಂದ ಅದು ಹೇಗೆ ಬರುತ್ತಿತ್ತೋ ಎಂದು ಊರ ಹೆಂಗಸರು ಇನ್ನೂ ನಗುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಆ ದಾರಿಗೆ ಬಸ್ಸು ಬರಬೇಕು. ಹಳ್ಳ ದಾಟುವಂತೆ ಮಾಡಿದರೆ ಬಸ್ಸು ಬಿಡುತ್ತೇವೆಂದು ಡಿಪೋದವರು ಹೇಳಿದ್ದರು. ಮಗಳು ತವರಿಗೆ ಬರಬೇಕಾದರೆ ಗಂಡನೋ ಮಾವನೋ ಬಂಡಿ ಹೂಡಬೇಕು, ಇಲ್ಲವೇ ಇವರು ಮಸ್ಕಿ ಸುತ್ತಿ ಹೋಗಿ ಕರೆದುತರಬೇಕು. ಅದು ತಪ್ಪಬೇಕು. ಆಕೆಗೆ ನೆನಪಾದಾಗ ಆಕೆಯೇ ಬಸ್ಸು ಹತ್ತಿ ಬರಬೇಕು, ಯಾರನ್ನೂ ಕೇಳಬಾರದು. ಹೆಣ್ಣುಮಗಳ ತವರಿನ ದಾರಿ ಬೇರೆಯವರ ಬಿಡುವಿನ ಮೇಲೆ ನಿಂತಿರಬಾರದು ಎಂದು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ.

ಒಂದು ವರ್ಷ ಪಂಚಮಿಯ ಹಿಂದಿನ ದಿನ ಮಳೆ ಹಿಡಿಯಿತು. ಮಗಳು ಹಬ್ಬಕ್ಕೆ ಬರುವವಳಿದ್ದಳು. ಪ್ರಧಾನರು ತಮ್ಮ ತಂಗಿಯನ್ನು ಕರೆಸಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿದ್ದರು. ಅಂಗಳದ ಬೇವಿನ ಗಿಡಕ್ಕೆ ಜೋಕಾಲಿ ಬಿಗಿದಾಗಿತ್ತು. ಬೀಗರು ಸೊಸೆಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಹಳ್ಳದ ಆ ದಂಡೆಗೆ ಬಂದರು. ಪ್ರಧಾನರು ಈ ದಂಡೆಗೆ ಹೋದರು, ಜೊತೆಗೆ ನಾನೂ ಇದ್ದೆ. ಹಳ್ಳ ಬಹಳ ದೊಡ್ಡದಾಗಿ ಬಂದಿರಲಿಲ್ಲ. ಗಟ್ಟಿ ನೆಲವಿದ್ದರೆ ನಡೆದೇ ದಾಟಬಹುದಿತ್ತು. ಆದರೆ ತಳವೆಲ್ಲ ಕೆಸರು, ಕಾಲಿಟ್ಟರೆ ಹಿಡಿದುಕೊಳ್ಳುತ್ತದೆ. ಬೀಗರು ಎತ್ತು ಇಳಿಸಿ ನೋಡಿದರು. ಎತ್ತು ಹೂತುಹೋದವು. ಅವನ್ನು ಹಿಂದಕ್ಕೆ ಎಳೆಯುವುದರಲ್ಲೇ ಹೊತ್ತು ಹೋಯಿತು.

ಮಗಳು ಹೊಸ ಸೀರೆ ಉಟ್ಟು ಆ ದಂಡೆಯ ಮೇಲೆ ನಿಂತಿದ್ದಳು. ಇವರು ಉಂಡಿಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಈ ದಂಡೆಯ ಮೇಲೆ. ಮಾತಾಡಿದರೆ ಕೇಳುವಷ್ಟು ಹತ್ತಿರ. ಆರಾಮ ಇದ್ದೀಯಾ ಎಂದು ಇವರು ಕೇಳಿದರು, ಆರಾಮ ಇದ್ದೀನಿ ಎಂದು ಆಕೆ ಹೇಳಿದಳು. ಬಂಡಿ ತಿರುಗಿ ಹೋಯಿತು. ಆ ದಂಡೆ ಈ ದಂಡೆ ಎಂದು ಅಷ್ಟೊಂದು ಪತ್ರ ಬರೆದವನು ನಾನು, ದಂಡೆ ಎಂದರೆ ಏನೆಂದು ಕಂಡದ್ದು ಅವತ್ತೇ.

ಮರುದಿನ ನಾನು ಇನ್ನೊಂದು ಪತ್ರ ಬರೆದಿಟ್ಟಿದ್ದೆ, ಈ ಸಲ ಸ್ವಲ್ಪ ಬಿಸಿಯಾಗಿಯೇ. ಪ್ರಧಾನರು ಓದಿಸಿ ಕೇಳಿದರು, ಸಹಿ ಹಾಕಲಿಲ್ಲ. ಟವೆಲ್ ಮಡಿಚಿ ಮೊಣಕಾಲ ಮೇಲಿಟ್ಟರು. ಕಾಲುವೆ ನೀರು ಯಾವಾಗ ಬಂದ್ ಆಗುತ್ತದೆ ಎಂದಷ್ಟೇ ಕೇಳಿದರು. ಬೇಸಿಗೆಗೆ ಎಂದೆ. ಹೂಂ ಎಂದರು.

ಬೇಸಿಗೆಯಲ್ಲಿ ಕಾಲುವೆ ನಿಂತು, ಗದ್ದೆ ಒಣಗಿ, ಬಸಿನೀರು ಇಂಗಿ, ಹಳ್ಳದ ತಳ ಬಿರುಕು ಬಿಟ್ಟಿತು. ವರ್ಷದಲ್ಲಿ ಆ ಜಾಗ ಒಣಗುವುದು ಅಷ್ಟೇ ದಿನ. ಪ್ರಧಾನರು ಊರವರನ್ನು ಕರೆದು ಬಂಡಿ ಕಟ್ಟಿಕೊಂಡು ಗರಸು ಹೇರಲು ಹೇಳಿದರು. ಜನ ಸಂತೋಷದಿಂದಲೇ ಬಂದರು. ಮೊದಲ ಬಂಡಿ ನಮ್ಮ ದಂಡೆಯ ಮೇಲೆ ಗರಸು ಸುರಿಯಲು ಹೊರಟಾಗ ಪ್ರಧಾನರು ತಡೆದರು. ಇಲ್ಲಲ್ಲ, ಹಳ್ಳ ದಾಟಿ ಆ ಕಡೆ ಹಾಕಿ ಎಂದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ನಮ್ಮ ಮನೆಯ ಮುಂದೆ ಕಸ ಬಿಟ್ಟು ಮಂದಿಯ ಮನೆಯ ಮುಂದೆ ಗುಡಿಸಿದಂತಾಯಿತಲ್ಲ ಎಂದು ಯಾರೋ ಗೊಣಗಿದರು. ಬೇರೆ ಮಂಡಲ, ಬೇರೆ ತಾಲೂಕು, ಅಲ್ಲಿ ನಮ್ಮವರು ಸಲಿಕೆ ಹಾಕುವುದು ಯಾವ ಕಾಯ್ದೆಯಲ್ಲಿದೆ? ನಾನು ಅದನ್ನು ಪ್ರಧಾನರ ಕಿವಿಯಲ್ಲಿ ಹೇಳಿದೆ. ಅವರು ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟರು.

"ನಮ್ಮ ಕಡೀದು ನಾವು ಮಾಡಿಕೊಂಡ್ರ ಅದು ಕೆಲಸ. ಅವ್ರ ಕಡೀದು ಮಾಡಿದ್ರ ಮುಯ್ಯಿ. ಕೆಲಸಕ್ಕ ಯಾರೂ ತಿರುಗಿ ಬರಂಗಿಲ್ಲ, ಮುಯ್ಯಿಗೆ ಬರಲೇಬೇಕು."

ಮುಯ್ಯಿ ಏನೆಂದು ಆ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇವತ್ತು ನಿನ್ನ ಹೊಲದ ಕಳೆಗೆ ನಾನು ಬಂದರೆ, ನಾಳೆ ನನ್ನ ಹೊಲದ ರಾಶಿಗೆ ನೀನು ಬರಬೇಕು. ಮದುವೆಯಲ್ಲಿ ಉಡುಗೊರೆಯಾಗಿ ಓದಿಸುವ ಮುಯ್ಯಿಯೂ ಹಾಗೆಯೇ, ತಿರುಗಿ ಹೋಗಲೇಬೇಕು. ಕೂಲಿ ಬಾಕಿ ಇಟ್ಟುಕೊಂಡವನನ್ನು ಊರು ಬೈದು ಬಿಡುತ್ತದೆ, ಮುಯ್ಯಿ ಬಾಕಿ ಇಟ್ಟುಕೊಂಡವನ ಮನೆಗೆ ಹೆಣ್ಣು ಕೊಡುವುದಿಲ್ಲ. ಗೊಣಗಿದವನೇ ಮೊದಲು ಬಂಡಿ ಹಳ್ಳಕ್ಕೆ ಇಳಿಸಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ತಿಳಿದು ಬೀಗರು ಬಂದರು. ತೆಳ್ಳಗಿನ, ಸಿಟ್ಟಿನ ಮನುಷ್ಯ. ರುಮಾಲು ಅರ್ಧ ಬಿಚ್ಚಿತ್ತು. ಬಂದವರೇ ಗರಸಿನ ಗುಡ್ಡೆಯ ಮೇಲೆ ಹತ್ತಿ ನಿಂತರು.

"ನಮ್ಮ ಹದ್ದಿನಾಗ ಕೈ ಹಾಕಾಕ ನಿಮಗ ಯಾರು ಹೇಳ್ಯಾರ?"

ನಮ್ಮ ಪ್ರಧಾನರು ಸಲಿಕೆ ಊರಿ ನಿಂತರು. ಮುಖದಲ್ಲಿ ನಗುವಿಲ್ಲ, ಆದರೆ ಹೊಟ್ಟೆ ಸಣ್ಣಗೆ ಕುಲುಕುತ್ತಿತ್ತು.

"ನಿಮ್ಮ ಹದ್ದೇನ್ರಿ ಬೀಗ್ರ ಇದು? ಅಲ್ಲ ಅಂತ ನೀವ ಬರದು ಸಹಿ ಮಾಡೀರಿ. ಸೆಕ್ರೆಟ್ರಿ ಸಾಹೇಬ್ರ ಕಪಾಟು ತುಂಬೈತಿ."

ಬೀಗರು ನನ್ನ ಕಡೆ ನೋಡಿದರು, ನಾನು ಹಳ್ಳದ ಕಡೆ ನೋಡಿದೆ. ಮೊದಲು ನಕ್ಕವನು ಚಾಚಾ. ಆಮೇಲೆ ಬೀಗರೇ ನಕ್ಕು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ನಗುತ್ತಲೇ ಅವರಿಗೆ ಇನ್ನೊಂದು ಹೊಳೆದಿರಬೇಕು, ಮುಖ ಸಪ್ಪಗಾಯಿತು. ಹೆಣ್ಣು ಕೊಟ್ಟವರ ಮುಯ್ಯಿ ಗಂಡಿನ ಕಡೆಯವರ ತಲೆಯ ಮೇಲೆ ಬಂದು ಕೂತಿತ್ತು. ಈ ಸಲ ಕೇಳಲಿಲ್ಲ, ಬೇಡಲಿಲ್ಲ, ಪತ್ರ ಬರೆಯಲಿಲ್ಲ. ಸುಮ್ಮನೆ ಬಂದು ಅವರ ದಾರಿ ಮಾಡಿಕೊಟ್ಟು ಹೊರಟಿದ್ದರು. ಇದನ್ನು ತಿರುಗಿಸದೆ ಬೀಗರು ಆ ಊರಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ.

ವಾರ ತುಂಬುವುದರೊಳಗೆ ಆಚೆ ಊರಿನ ಬಂಡಿಗಳು ಸಾಲು ಹಿಡಿದು ಬಂದವು. ನಮ್ಮ ದಂಡೆಗೆ ಗರಸು ಬಿತ್ತು. ಅದು ಸಾಲದೆಂದು ಬೀಗರು ಹಳ್ಳದ ತಳಕ್ಕೆ ಹಾಸಲು ಚಪ್ಪಡಿ ಕಲ್ಲನ್ನೂ ಹೇರಿಸಿಕೊಂಡು ಬಂದಿದ್ದರು. ಅದು ಯಾರ ಹದ್ದೂ ಅಲ್ಲದ ನಡು. ಎರಡೂ ಊರವರು ಸೇರಿ ಹಾಸಿದರು. ಕೆಲಸ ಮುಗಿದ ಮೇಲೆ ನಮ್ಮ ಪ್ರಧಾನರು ಎಲ್ಲರಿಗೂ ಒಗ್ಗರಣೆ ಮಿರ್ಚಿ ತಿನ್ನಿಸಿದರು. ಜನ ಕೈ ತೊಳೆಯುತ್ತಿದ್ದಾಗ ತಾವೊಬ್ಬರೇ ಒಂದು ಪುಟ್ಟಿ ಗರಸು ಹೊತ್ತು ಹಳ್ಳ ದಾಟಿ ಆಚೆ ದಂಡೆಯ ಮೇಲೆ ಸುರಿದು ಬಂದರು. ಬೀಗರು ತಲೆ ಚಚ್ಚಿಕೊಂಡರು. ಮುಯ್ಯಿ ಮತ್ತೆ ಅವರ ತಲೆಗೇ ಬಂದಿತ್ತು.

ಇದನ್ನೆಲ್ಲ ನಡಾವಳಿಯಲ್ಲಿ ಹೇಗೆ ಬರೆಯಲಿ ಎಂದು ನಾನು ನಮ್ಮ ಪ್ರಧಾನರನ್ನು ಕೇಳಿದೆ. ಬರೆಯಬೇಡಿ, ಬರೆದರೆ ಮತ್ತೆ ನಮ್ಮದು ನಿಮ್ಮದು ಶುರುವಾಗುತ್ತದೆ ಎಂದರು. ಆಮೇಲೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಪರವಾನಗಿ ಇಲ್ಲದೆ ಈ ಕೆಲಸ ಹೇಗಾಯಿತೆಂದು ಹುಬ್ಬು ಗಂಟಿಕ್ಕಿದರು. ನಾನು ಎರಡೂ ಮಂಡಲದ ಪತ್ರಗಳನ್ನು ಮುಂದಿಟ್ಟೆ. ಇದು ನಮ್ಮದಲ್ಲ ಎಂದು ಇಬ್ಬರೂ ಬರೆದುಕೊಟ್ಟ ಜಾಗಕ್ಕೆ ಪರವಾನಗಿ ಕೊಡುವವರು ಯಾರು? ಅವರು ಓದಿ, ನೀರು ಕುಡಿದು, ಮುಂದಿನ ವಿಷಯಕ್ಕೆ ಹೋದರು. ಆ ಪತ್ರಗಳು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಆ ಕಲ್ಲುಹಾಸು ಒಂದು ಮಳೆಗಾಲ ತಾಳಿತು. ಜನರೇ ಇಷ್ಟು ಮಾಡಿದ್ದನ್ನು ನೋಡಿ ಜಿಲ್ಲಾ ಪರಿಷತ್ತಿನಿಂದ ಹಳ್ಳಕ್ಕೆ ಸಣ್ಣ ಸೇತುವೆಯಂಥ ಒಂದು ಮೋರಿ ಮಂಜೂರಾಯಿತು. ಅದೂ ಮುಗಿದ ಮೇಲೆ ಬಸ್ಸು ಬಂತು.

ಬಸ್ಸು ಬಂದ ವರ್ಷದ ಪಂಚಮಿಗೆ ನಾನು ಅವರ ಮನೆಯಲ್ಲಿದ್ದೆ. ಬಸ್ಸಿನ ಹೊತ್ತಾದರೂ ಅವರು ಅಂಗಳ ಬಿಡಲಿಲ್ಲ. ನಿಲ್ದಾಣಕ್ಕೆ ಹೋಗುವುದಿಲ್ಲವೇ ಎಂದು ಕೇಳಿದೆ. ಹೋದರೆ ಕರೆದುತಂದಂತಾಯಿತು, ಆಕೆಯೇ ಬರಲಿ ಎಂದರು. ಜೋಕಾಲಿಯ ಹಗ್ಗ ಸರಿಯಿದ್ದರೂ ಮತ್ತೆ ಮತ್ತೆ ಎಳೆದು ನೋಡುತ್ತಿದ್ದರು. ಹಾರ್ನು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಗಳು ಕೈಯಲ್ಲಿ ಚೀಲ ಹಿಡಿದು ಒಬ್ಬಳೇ ಬಾಗಿಲಲ್ಲಿ ನಿಂತಳು. ಕಾಲಿಗೆ ಕೆಸರಿನ ಗುರುತೂ ಇರಲಿಲ್ಲ.

"ಅಪ್ಪಾ, ನಾನ ಬಂದೆ."

ಪ್ರಧಾನರು ಹಗ್ಗ ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ. ಉಂಡಿ ಡಬ್ಬಿಯಲ್ಲಿವೆ, ಕಾಲು ತೊಳೆದುಕೋ ಎಂದಷ್ಟೇ ಹೇಳಿದರು. ಅಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ.

ಮಂಡಲ ಹೋಗಿ ಗ್ರಾಮ ಪಂಚಾಯತಿಗಳು ಬಂದವು. ಊರುಗಳನ್ನು ಹೊಸದಾಗಿ ಹಂಚಿದರು, ರಸ್ತೆಗಳೂ ಅವುಗಳ ಜೊತೆ ಕೈ ಬದಲಾಯಿಸಿದವು. ನಮ್ಮ ಪ್ರಧಾನರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ಬೀಗರೂ ನಿಲ್ಲಲಿಲ್ಲ. ಹೊಸ ಅಧ್ಯಕ್ಷರು ಬಂದು ಈ ತುಂಡು ಯಾರ ಲೆಕ್ಕದಲ್ಲಿದೆ ಎಂದು ವಿಚಾರಿಸುವಷ್ಟರಲ್ಲಿ ಕಾಲುವೆ ಬಂದ್ ಆಗಿ, ಜನ ಪ್ರತಿ ಬೇಸಿಗೆಯಂತೆ ಆಗಲೇ ಟ್ರ್ಯಾಕ್ಟರಿಗೆ ಗರಸು ಹೇರುತ್ತಿದ್ದರು. ನಮ್ಮವರು ಆಚೆ ದಂಡೆಗೆ, ಆಚೆಯವರು ನಮ್ಮ ದಂಡೆಗೆ. ಮಂದಿಯ ಹದ್ದಿನಲ್ಲಿ ಮಾಡುವ ಕೆಲಸವನ್ನು ಯಾರೂ ಕಾಟಾಚಾರಕ್ಕೆ ಮಾಡುವುದಿಲ್ಲ, ನಾಳೆ ಬೀಗರು ಆಡಿಕೊಳ್ಳುತ್ತಾರೆ. ಹೀಗಾಗಿ ಆ ಒಳದಾರಿಯಲ್ಲೆಲ್ಲ ಹಳ್ಳದ ಆಚೀಚೆಯ ತುಂಡೇ ಚೆಂದವಾಗಿರುತ್ತಿತ್ತು.

ನನಗೆ ಲಿಂಗಸುಗೂರಿನ ಕಡೆಗೆ ವರ್ಗವಾಯಿತು. ನಮ್ಮ ಪ್ರಧಾನರು ತೀರಿಕೊಂಡ ಸುದ್ದಿ ಬಂದಾಗ ಎಲ್ಲ ಮುಗಿದುಹೋಗಿತ್ತು. ಮುಂದಿನ ಬೇಸಿಗೆಯಲ್ಲಿ ಮಸ್ಕಿಯಿಂದ ಅದೇ ಬಸ್ಸು ಹತ್ತಿದೆ. ಆಚೆ ಊರಿನಲ್ಲಿ ಅವರ ಮಗಳು ಹತ್ತಿದಳು. ನನ್ನನ್ನು ಗುರುತು ಹಿಡಿದು ಮುಂದಿನ ಸೀಟಿನಲ್ಲಿ ಕೂತು ಹಿಂದೆ ತಿರುಗಿದಳು. ಅಪ್ಪ ಮಲಗಿದ್ದು ಹೆಚ್ಚು ದಿನವಿಲ್ಲ, ನೋವಿಲ್ಲದೆ ಹೋದ, ತಾನು ಹತ್ತಿರವೇ ಇದ್ದೆ ಎಂದಳು. ಅವರು ಹೋದದ್ದು ಮಳೆಗಾಲದಲ್ಲಿ, ನಾಟಿಯ ಹೊತ್ತು. ಊರಿನ ಸ್ಮಶಾನದ ದಾರಿ ಗದ್ದೆಗಳ ನಡುವೆ ಹೋಗುತ್ತದೆ, ಯಾವ ಪಂಚಾಯತಿಯ ಯಾದಿಯಲ್ಲೂ ಇಲ್ಲದ ದಾರಿ. ಹೆಣ ಹೊತ್ತವರ ಕಾಲು ನಿಲ್ಲದಷ್ಟು ಕೆಸರು. ಅಪ್ಪನನ್ನು ಹೇಗೆ ಒಯ್ಯುವುದೆಂದು ಆಕೆ ಅಳುತ್ತ ಕೂತಿದ್ದಳಂತೆ.

"ಹೊತ್ತು ಏರೋದ್ರಾಗ ನಮ್ಮ ಮಾವ ಟ್ರ್ಯಾಕ್ಟರ್ ತುಂಬ ಗರಸು ಹೇರಿಸಿಕೊಂಡು ಬಂದ್ರಿ. ಕೂಡಾ ಊರ ಮಂದಿ. ಯಾರೂ ಕರದಿದ್ದಿಲ್ಲ. ಮೊದಲ ಪುಟ್ಟಿ ಮಾವನ ಹಾಕಿದ. ಅಪ್ಪನ ಮಣ್ಣಿಗೆ ಹೋದಾವ್ರ ಕಾಲಿಗೆ ಕೆಸರು ಹತ್ತಲಿಲ್ರೀ."

ನನ್ನ ಕಣ್ಣು ತುಂಬಿಬಂದವು. ಆಕೆ ಅಳಲಿಲ್ಲ. ಇವತ್ತು ಎಲ್ಲಿಗೆ ಹೊರಟಿದ್ದೀಯಮ್ಮ ಎಂದು ಕೇಳಿದೆ. ತವರಿಗೆ ಎಂದಳು. ಮನೆಯಲ್ಲಿ ಯಾರೂ ಇಲ್ಲ, ಆದರೂ ನೆನಪಾಯಿತು, ಬಸ್ಸು ಇದೆ, ಹೊರಟೆ. ಮೇಲಾಗಿ ಈಗ ಕಾಲುವೆ ಬಂದ್ ಆಗಿದೆ, ಹಳ್ಳದ ಹತ್ತಿರ ಕೆಲಸ ನಡೆದಿದೆ, ಮೋರಿ ದಾಟಿದ ಮೇಲೆ ಇಳಿದು ಎಲ್ಲರಿಗೂ ಮಿರ್ಚಿ ಕೊಡಬೇಕು ಎಂದು ಮಡಿಲಲ್ಲಿದ್ದ ಬುಟ್ಟಿ ತೋರಿಸಿದಳು. ಬಿಸಿ ಇನ್ನೂ ಆರಿರಲಿಲ್ಲ.

ಹಳೆಯ ಕಾರ್ಯದರ್ಶಿಯ ಬುದ್ಧಿ ಎಲ್ಲಿ ಹೋಗುತ್ತದೆ? ಈ ವರ್ಷ ಮುಯ್ಯಿ ಯಾರದು, ನಿಮ್ಮೂರಿನದೋ ನಿಮ್ಮಪ್ಪನ ಊರಿನದೋ ಎಂದು ಕೇಳಿಯೇಬಿಟ್ಟೆ.

"ಯಾರಿಗೆ ಗೊತ್ರೀ? ಅಪ್ಪ ಲೆಕ್ಕ ಇಡಾಕ ಬಿಟ್ಟಿದ್ದಿಲ್ಲ. ಈಗ ಎರಡೂ ಊರಾವ್ರೂ ನಮ್ದ ಬಾಕಿ ಐತಿ ಅಂತ ಬಂದಾರ."

ಬಸ್ಸು ಹಳ್ಳದ ಹತ್ತಿರ ನಿಧಾನವಾಯಿತು. ದಾರಿಯ ಎರಡೂ ಬದಿಗೆ ಜನ ಸಲಿಕೆ ಹಿಡಿದು ಸರಿದು ನಿಂತು ದಾರಿ ಬಿಟ್ಟರು. ಯಾವ ಊರವರು ಯಾವ ಕಡೆ ಇದ್ದಾರೆಂದು ನಾನು ನೋಡುತ್ತಲೇ ಇದ್ದೆ, ಅಷ್ಟರಲ್ಲಿ ಮೋರಿ ದಾಟಿ ಬಂದಿದ್ದೆವು.